ನನ್ನ ಅನುಭವ: ಎಫ್‌ಎಸ್‌ಟ್ಯಾಬ್‌ನಲ್ಲಿ ಉಳಿದುಹೋದ ಹಳೆಯ ಆಯ್ಕೆಗಳು

2019ರ ಕೊನೆಯ ಒಂದು ಶನಿವಾರ ರಾತ್ರಿ ನಮ್ಮ ಕಚೇರಿಯ ಸರ್ವರ್ ಒಂದನ್ನು ಡೆಬಿಯನ್ ಲಿನಕ್ಸ್ 9ರಿಂದ 10ಕ್ಕೆ ಏರಿಸಿ ರೀಬೂಟ್ ಮಾಡಿದಾಗ, ಲಾಗಿನ್ ಪರದೆಯ ಬದಲು ಎಮರ್ಜೆನ್ಸಿ ಮೋಡ್ ಎದುರಾಯಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ತೆಗೆದು ನೋಡಿದರೆ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ತನ್ನ ತಕರಾರನ್ನು ಒಂದೇ ಸಾಲಿನಲ್ಲಿ ಹೇಳಿತ್ತು: ‘ಅನ್‌ನೋನ್ ಮೌಂಟ್ ಆಪ್ಷನ್ [ನೊಬ್ಯಾರಿಯರ್]’. ಡಿಸ್ಕಿಗೆ ಏನೂ ಆಗಿರಲಿಲ್ಲ. ಬ್ಯಾಟರಿ ಇರುವ ರೇಡ್ ಕಾರ್ಡ್ ಹಾಕಿಸಿದ್ದ ಕಾಲದಲ್ಲಿ, ಡಿಸ್ಕಿಗೆ ಬರೆಯುವ ವೇಗ ಹೆಚ್ಚಲೆಂದು ನಾನೇ ಎಫ್‌ಎಸ್‌ಟ್ಯಾಬ್ ಕಡತದಲ್ಲಿ (ಯಾವ ಡಿಸ್ಕನ್ನು ಯಾವ ಡೈರೆಕ್ಟರಿಗೆ, ಯಾವ ಆಯ್ಕೆಗಳೊಂದಿಗೆ ಜೋಡಿಸಬೇಕು, ಅಂದರೆ ಮೌಂಟ್ ಮಾಡಬೇಕು ಎಂಬ ಪಟ್ಟಿ ಇರುವುದು ಅಲ್ಲಿ) ಸೇರಿಸಿ ಮರೆತಿದ್ದ ಆಯ್ಕೆ ಅದು. ಬರೆದದ್ದು ಡಿಸ್ಕಿನಲ್ಲಿ ಭದ್ರವಾಯಿತೆಂದು ಖಚಿತಪಡಿಸುವ ಬ್ಯಾರಿಯರ್‌ಗಳನ್ನು ಅದು ನಿಲ್ಲಿಸುತ್ತಿತ್ತು. ಅದನ್ನು ಅಳಿಸಿ ಯಂತ್ರವನ್ನು ಎಬ್ಬಿಸುವುದಕ್ಕೆ ಐದು ನಿಮಿಷ ಸಾಕಾಯಿತು. ಹೀಗೇಕಾಯಿತೆಂದು ತಿಳಿಯುವುದಕ್ಕೆ ಭಾನುವಾರವೆಲ್ಲ ಹಿಡಿಯಿತು.

ಎಕ್ಸ್‌ಎಫ್‌ಎಸ್ ಬರೆಯುವವರು ಆತುರಪಟ್ಟಿರಲಿಲ್ಲ. ಕರ್ನಲ್ 4.10ರಲ್ಲಿ ಅವರು ಬ್ಯಾರಿಯರ್, ನೊಬ್ಯಾರಿಯರ್ ಎರಡನ್ನೂ ನಿಷ್ಕ್ರಿಯಗೊಳಿಸಿ, ಯಾರಾದರೂ ಬಳಸಿದರೆ ‘ಇದು ಹಳತಾಗಿದೆ, ಗಮನಕ್ಕೆ ತೆಗೆದುಕೊಳ್ಳುತ್ತಿಲ್ಲ’ ಎಂಬ ಅರ್ಥದ ಎಚ್ಚರಿಕೆಯನ್ನು ಲಾಗ್‌ಗೆ ಬರೆಸಿದ್ದರು, 4.19ರಲ್ಲಷ್ಟೇ ಪೂರ್ತಿ ಕಿತ್ತುಹಾಕಿದರು. ಆದರೆ ಡೆಬಿಯನ್ 9ರಲ್ಲಿದ್ದುದು ಕರ್ನಲ್ 4.9, ಡೆಬಿಯನ್ 10ರಲ್ಲಿದ್ದುದು 4.19. ಎಚ್ಚರಿಕೆ ಕೊಡುತ್ತಿದ್ದ ಒಂಬತ್ತು ಆವೃತ್ತಿಗಳಲ್ಲಿ ಒಂದೂ ನಮ್ಮ ಯಂತ್ರದ ಮೇಲೆ ಓಡಿರಲಿಲ್ಲ. ಊರಿಗೆಲ್ಲ ಡಂಗುರ ಸಾರಿದ್ದರು, ನಾವು ಆ ಹೊತ್ತಿಗೆ ಊರಲ್ಲೇ ಇರಲಿಲ್ಲ. ಇದಕ್ಕೆ ಹೋಲಿಸಿದರೆ ಇನ್ನೊಂದು ಫೈಲ್‌ಸಿಸ್ಟಮ್ ಎಕ್ಸ್ಟ್4 ಹೆಚ್ಚು ಉದಾರಿ: ಓಲ್ಡ್‌ಅಲಾಕ್, ಓರ್ಲೋವ್‌ನಂತಹ ಸತ್ತುಹೋದ ಆಯ್ಕೆಗಳನ್ನು ಕೊಟ್ಟರೆ, ತೆಗೆದುಹಾಕಿದ ಆಯ್ಕೆಯನ್ನು ಕಡೆಗಣಿಸುತ್ತಿದ್ದೇನೆ ಎಂದು ಲಾಗ್‌ನಲ್ಲಿ ಹೇಳಿ ಮೌಂಟ್ ಮುಗಿಸುತ್ತದೆ.

ಈ ವಿಚಾರ ನನ್ನ ತಲೆಯಲ್ಲಿ ಕೊರೆಯುತ್ತಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಕಚೇರಿಯ ಸ್ಕ್ಯಾನ್ ಮಾಡಿದ ದಾಖಲೆಗಳು ಹಲವು ಡಿಸ್ಕುಗಳಲ್ಲಿ ಹಂಚಿಹೋಗಿದ್ದು, ಅವನ್ನೆಲ್ಲ ಒಂದೇ ಡೈರೆಕ್ಟರಿಯಂತೆ ತೋರಿಸುವ ಸಣ್ಣ ಫ್ಯೂಸ್ ಫೈಲ್‌ಸಿಸ್ಟಮ್ (ಕರ್ನಲ್‌ನ ಹೊರಗೆ ಸಾಮಾನ್ಯ ಪ್ರೋಗ್ರಾಮಿನಂತೆ ಓಡುವಂಥದ್ದು) ಒಂದನ್ನು ನಾನು ಬರೆದಿದ್ದೆ. ಅದನ್ನು ಫ್ಯೂಸ್‌ನ ಲೈಬ್ರರಿಯಾದ ಲಿಬ್‌ಫ್ಯೂಸ್ 2ರಿಂದ 3ಕ್ಕೆ ತರುವ ಕೆಲಸ ಆಗಷ್ಟೇ ಶುರುವಾಗಿತ್ತು. 2016ರ ಡಿಸೆಂಬರ್‌ನಲ್ಲಿ ಬಂದ ಲಿಬ್‌ಫ್ಯೂಸ್ 3ರಲ್ಲಿ ಬಿಗ್‌ರೈಟ್ಸ್, ನಾನ್‌ಎಂಪ್ಟಿ ಎಂಬ ಆಯ್ಕೆಗಳು ಇಲ್ಲ. ಕೊಟ್ಟರೆ ಮೌಂಟ್ ವಿಫಲವಾಗುತ್ತದೆ. ನಮ್ಮ ಹನ್ನೊಂದು ಯಂತ್ರಗಳ ಎಫ್‌ಎಸ್‌ಟ್ಯಾಬ್‌ಗಳಲ್ಲಿ ಈ ಎರಡರಲ್ಲಿ ಒಂದಾದರೂ ಇತ್ತು. ಶನಿವಾರದ ರಾತ್ರಿಯನ್ನು ಇನ್ನೊಬ್ಬರಿಗೆ ಕೊಡಬಾರದೆಂದು, ಲಿಬ್‌ಫ್ಯೂಸ್‌ನಲ್ಲೇ ಇರುವ ‘ಡಿಸ್ಕಾರ್ಡ್’ ಕೀಯನ್ನು ಬಳಸಿ ಎರಡನ್ನೂ ಸದ್ದಿಲ್ಲದೆ ನುಂಗುವಂತೆ ಮಾಡಿದೆ. ಎರಡೇ ಸಾಲು ಕೋಡ್.

ಬಿಗ್‌ರೈಟ್ಸ್ ಮಟ್ಟಿಗೆ ಅದು ಸರಿಯಾಗಿತ್ತು. ಹಿಂದೆ ಆ ಆಯ್ಕೆ ಇಲ್ಲದಿದ್ದರೆ ಬರೆಯುವ ದತ್ತಾಂಶ 4 ಕಿಲೋಬೈಟ್ ತುಂಡುಗಳಲ್ಲಿ ಬರುತ್ತಿತ್ತು. ಈಗ ದೊಡ್ಡ ತುಂಡುಗಳೇ ಸಹಜ ವರ್ತನೆಯಾಗಿರುವುದರಿಂದ, ಕೇಳಿದವನಿಗೆ ಕೇಳಿದ್ದೇ ಸಿಗುತ್ತದೆ. ನಾನ್‌ಎಂಪ್ಟಿಯನ್ನು ಮಾತ್ರ ನಾನು ಅರ್ಧ ಓದಿದ್ದೆ. ಲಿಬ್‌ಫ್ಯೂಸ್ 2 ಖಾಲಿಯಿಲ್ಲದ ಡೈರೆಕ್ಟರಿಯ ಮೇಲೆ ಮೌಂಟ್ ಮಾಡಲು ಒಪ್ಪುತ್ತಿರಲಿಲ್ಲ; ಇದು ಸುರಕ್ಷಿತವೆಂಬ ಖಾತ್ರಿ ಇದ್ದರೆ ನಾನ್‌ಎಂಪ್ಟಿ ಕೊಡಿ ಎನ್ನುತ್ತಿತ್ತು. 3ರಲ್ಲಿ ಆ ಪರಿಶೀಲನೆಯನ್ನೇ ತೆಗೆದು, ಸಾಮಾನ್ಯ ಮೌಂಟ್ ಆಜ್ಞೆಯಂತೆ ಯಾವ ಡೈರೆಕ್ಟರಿಯ ಮೇಲಾದರೂ ಮೌಂಟ್ ಆಗುವಂತೆ ಮಾಡಿದ್ದಾರೆ. ಪರಿಶೀಲನೆ ಬೇಕಿದ್ದವರು ತಾವೇ ಬರೆದುಕೊಳ್ಳಬೇಕು. ಅಂದರೆ ಆಯ್ಕೆಯನ್ನು ತೆಗೆದದ್ದರಿಂದ ನಿಜವಾದ ಪೆಟ್ಟು ಬಿದ್ದದ್ದು ಅದನ್ನು ಎಂದೂ ಟೈಪ್ ಮಾಡದವರಿಗೆ.

ಅದು ನನಗೆ ಅರ್ಥವಾದದ್ದು ಎರಡು ತಿಂಗಳ ನಂತರ, ನಾನ್‌ಎಂಪ್ಟಿ ಕೊಟ್ಟಿರದ ಒಂದು ಯಂತ್ರದ ರೂಟ್ ಡಿಸ್ಕ್ (ಮುಖ್ಯ ಡಿಸ್ಕ್) ತುಂಬಿದಾಗ. ಉಳಿದ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟರೆ ಜಾಗವಿಲ್ಲ ಎನ್ನುತ್ತದೆ, ಕಡತಗಳ ಗಾತ್ರ ಕೂಡಿಸುವ ಡಿಯು ಕೊಟ್ಟರೆ ಅಷ್ಟು ಕಡತಗಳೇ ಇಲ್ಲ. ಕೊನೆಗೆ ರೂಟನ್ನು ಬೇರೊಂದು ಡೈರೆಕ್ಟರಿಗೆ ಬೈಂಡ್ ಮೌಂಟ್ ಮಾಡಿ (ಅದೇ ಕಡತಗಳು ಇನ್ನೊಂದು ಜಾಗದಲ್ಲೂ ಕಾಣುವಂತೆ ಮಾಡಿ), ಮೌಂಟ್ ಪಾಯಿಂಟ್‌ನ ಅಡಿಯಲ್ಲಿ ಏನಿದೆಯೆಂದು ಇಣುಕಿದೆ. ಫೈಲ್‌ಸಿಸ್ಟಮ್ ಮೌಂಟ್ ಆಗಿರದ ಕೆಲವು ರಾತ್ರಿಗಳಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ತನ್ನ ಪಾಡಿಗೆ ತಾನು ಬರಿಯ ಡೈರೆಕ್ಟರಿಯೊಳಗೇ ಸ್ಕ್ಯಾನ್‌ಗಳನ್ನು ಸುರಿದಿತ್ತು; ಬೆಳಿಗ್ಗೆ ಅದರ ಮೇಲೆಯೇ ಮೌಂಟ್ ಆಗಿ ಅವೆಲ್ಲ ಮುಚ್ಚಿಹೋಗಿದ್ದವು. ಹಳೆಯ ಆವೃತ್ತಿಯಾಗಿದ್ದರೆ ಮೊದಲ ಬೆಳಿಗ್ಗೆಯೇ ಮೌಂಟ್ ನಿಂತು, ಯಾರಾದರೂ ನನಗೆ ಫೋನ್ ಮಾಡಿರುತ್ತಿದ್ದರು. ಕಡತಗಳು ಸಿಕ್ಕವು, ಕಳೆದುಕೊಂಡದ್ದೇನೂ ಇಲ್ಲ. ಆದರೆ ಆಯ್ಕೆಗಳ ಇಡೀ ಪಟ್ಟಿಯನ್ನು ಮೊದಲಿನಿಂದ ನೋಡಲೇಬೇಕಾಯಿತು.

ಆಗ ನಾನು ಹಾಕಿಕೊಂಡ ಪ್ರಶ್ನೆ ಒಂದೇ: ಈ ಆಯ್ಕೆಯನ್ನು ಕೊಟ್ಟವನಿಗೆ ಮತ್ತು ಕೊಡದಿದ್ದವನಿಗೆ ಹಳೆಯ ತಂತ್ರಾಂಶ ಏನೆಂದು ಮಾತು ಕೊಟ್ಟಿತ್ತು? ಕೊಟ್ಟ ಮಾತು ಈಗ ತಾನಾಗಿಯೇ ನಡೆಯುತ್ತಿದ್ದರೆ ಆಯ್ಕೆಯನ್ನು ಒಪ್ಪಿಕೊಂಡು ಒಂದು ಎಚ್ಚರಿಕೆ ಬರೆದರೆ ಸಾಕು. ನೊಬ್ಯಾರಿಯರ್‌ನಂತೆ ವೇಗವನ್ನಷ್ಟೇ ಕೇಳುವ ಆಯ್ಕೆಯಾದರೂ ಹಾಗೆಯೇ. ಕಡೆಗಣಿಸಿದರೆ ಕೆಲಸ ನಿಧಾನವಾದೀತೇ ಹೊರತು ದತ್ತಾಂಶ ಕೆಡುವುದಿಲ್ಲ. ಆದರೆ ನನ್ನದೇ ತಂತ್ರಾಂಶದಲ್ಲಿ ಸಿಂಕ್‌ರೈಟ್ ಎಂಬ ಆಯ್ಕೆಯೊಂದಿತ್ತು. ಡಿಸ್ಕಿಗೆ ಬರೆದು ಮುಗಿಯುವ ತನಕ ಉತ್ತರ ಕೊಡುವುದಿಲ್ಲ ಎಂಬುದು ಅದರ ಭರವಸೆ. ಹೊಸ ವಿನ್ಯಾಸದಲ್ಲಿ ನಡುವೆ ಕ್ಯಾಶೆ (ತಾತ್ಕಾಲಿಕ ಸಂಗ್ರಹ) ಬಂದಿರುವುದರಿಂದ ಅದನ್ನು ಉಳಿಸಿಕೊಳ್ಳಲಾಗದು. ಅಲ್ಲಿ ನಾನು ಮೌಂಟನ್ನೇ ನಿರಾಕರಿಸಿ ಕಾರಣ ಹೇಳುತ್ತೇನೆ. ನಾನ್‌ಎಂಪ್ಟಿಯನ್ನು ಮತ್ತೆ ಜೀವಂತಗೊಳಿಸಿದೆ: ಲಿಬ್‌ಫ್ಯೂಸ್‌ಗೆ ನಿಯಂತ್ರಣ ಒಪ್ಪಿಸುವ ಮೊದಲೇ ಡೈರೆಕ್ಟರಿಯನ್ನು ತೆರೆದು, ಎಲ್ಲ ಡೈರೆಕ್ಟರಿಗಳಲ್ಲೂ ಇರುವ ಚುಕ್ಕಿ ಮತ್ತು ಜೋಡಿಚುಕ್ಕಿ ಬಿಟ್ಟು ಬೇರೇನಾದರೂ ಇದ್ದರೆ, ಆ ಆಯ್ಕೆ ಕೊಟ್ಟಿದ್ದರೆ ಮಾತ್ರ ಮುಂದುವರಿಯುತ್ತದೆ.

ಎಚ್ಚರಿಕೆಯ ವಿಷಯದಲ್ಲಿ ಒಂದು ಮಾತು. ಬೂಟ್ ಸಮಯದಲ್ಲಿ ಲಾಗ್‌ಗೆ ಬರೆದದ್ದನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಹಾಗಾಗಿ ಅದೇ ಸಂದೇಶವನ್ನು ನಮ್ಮ ಬೆಳಗಿನ ಬ್ಯಾಕಪ್ ವರದಿಯ ಮೇಲ್‌ನಲ್ಲೂ ಬರುವಂತೆ ಮಾಡಿ, ಯಾವ ಆಯ್ಕೆ, ಅದರ ಬದಲಿಗೇನು, ಯಾವ ತಿಂಗಳಿನಿಂದ ಅದು ದೋಷವಾಗುತ್ತದೆ ಎಂಬುದನ್ನು ಬರೆಸಿದೆ. ತಿಂಗಳು ಹೇಳುವ ಪದ್ಧತಿ ಎಕ್ಸ್‌ಎಫ್‌ಎಸ್‌ನಿಂದಲೇ ಕಲಿತದ್ದು. ಐಕೀಪ್, ಅಟ್ರ್2 ಆಯ್ಕೆಗಳಿಗೆ ಅವರು 2025ರ ಸೆಪ್ಟೆಂಬರ್ ಎಂದು ವರ್ಷಗಳ ಮುಂಚೆಯೇ ಕೈಪಿಡಿಯಲ್ಲಿ ಬರೆದಿಟ್ಟಿದ್ದರು.

ಈಗ ಪ್ರತಿ ಬಿಡುಗಡೆಗೆ ಮೊದಲು, ಆ ಹನ್ನೊಂದು ಯಂತ್ರಗಳಿಂದ ಅಕ್ಷರವೂ ಬದಲಾಗದಂತೆ ನಕಲಿಸಿಕೊಂಡ ಎಫ್‌ಎಸ್‌ಟ್ಯಾಬ್ ಸಾಲುಗಳನ್ನು ಒಂದೊಂದಾಗಿ ಮೌಂಟ್ ಮಾಡಿ ನೋಡುತ್ತೇನೆ. ಮೊದಲ ಸಾಲಿನಲ್ಲಿ ನಾನ್‌ಎಂಪ್ಟಿ ಇದೆ, ಅದರ ಮೇಲೆ ನನಗಿಂತ ಮುಂಚೆ ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಬರೆದ ಟಿಪ್ಪಣಿಯೂ ಇದೆ: ‘ಯಾಕೆಂದು ಗೊತ್ತಿಲ್ಲ, ತೆಗೆಯಬೇಡಿ.’