ಪಾಲಿಶ್ ಕೆಡಿಸದೆ ಅಂಟು ತೆಗೆದ ನಾಫ್ತಾ: ನನ್ನ ಅನುಭವ

ಹಳೇ ಮರದ ಪೆಟ್ಟಿಗೆಯೊಂದು ಕೈಗೆ ಬಂದಿತ್ತು. ಮುಚ್ಚಳದ ಮೇಲೆ ಯಾರೋ ಸ್ಟಿಕರ್ ಕಿತ್ತು ಉಳಿಸಿದ ಅಂಟು, ಅದರ ಮೇಲೆ ಕೂತ ಧೂಳು, ಸುತ್ತಲೂ ವರ್ಷಗಟ್ಟಲೆ ತಿಕ್ಕಿದ ಮೇಣ. ಇವೆಲ್ಲದರ ಅಡಿಯಲ್ಲಿ ಒಳ್ಳೆಯ ಅರಗಿನ ಪಾಲಿಶ್ ಇತ್ತು, ಅದು ಉಳಿಯಬೇಕಿತ್ತು.

ಇದಕ್ಕೂ ಮುಂಚೆ ಒಂದು ಸ್ಟೂಲಿಗೆ ಥಿನ್ನರ್ ಹಾಕಿ ಒರೆಸಿದ್ದೆ. ಅಂಟಿನ ಜೊತೆ ಪಾಲಿಶೂ ಬಟ್ಟೆಗೆ ಬಂತು. ಸ್ಪಿರಿಟ್ ಕೂಡ ಆಗುವುದಿಲ್ಲ, ಅರಗು ಕರಗಿಸುವುದೇ ಸ್ಪಿರಿಟ್ಟಿನಲ್ಲಿ ಅಲ್ವಾ.

ನಾಫ್ತಾ ಹಾಗಲ್ಲ. ಜಿಡ್ಡು, ಮೇಣ, ಸ್ಟಿಕರ್ ಅಂಟು ಅದಕ್ಕೆ ಕರಗುತ್ತವೆ, ಒಣಗಿ ಗಟ್ಟಿಯಾದ ಅರಗು ಜಗ್ಗುವುದಿಲ್ಲ. ಕಚ್ಚಾ ತೈಲವನ್ನು ಬಟ್ಟಿ ಇಳಿಸುವಾಗ ಸುಮಾರು 30ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿದು ಬರುವ ಭಾಗ ಇದು, ಸೀಮೆಎಣ್ಣೆಗಿಂತ ಹಗುರ. ಇದರ ದೊಡ್ಡ ಪಾಲು ಪೆಟ್ರೋಲ್ ತಯಾರಿಗೆ ಮತ್ತು ಪ್ಲಾಸ್ಟಿಕ್ಕಿಗೆ ಬೇಕಾದ ಎಥಿಲೀನ್ ತೆಗೆಯುವುದಕ್ಕೆ ಹೋಗುತ್ತದೆ. ಬತ್ತಿ ಇರುವ ಲೈಟರಿಗೆ ತುಂಬುವ ದ್ರವವೂ ಇದೇ ಜಾತಿ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯ ನಾಫ್ತಲೀನ್ ಮಾತ್ರ ಬೇರೆ ವಸ್ತು, ಹೆಸರು ನೋಡಿ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ.

ಮೊದಲು ಪೆಟ್ಟಿಗೆಯ ತಳದಲ್ಲಿ, ಕಣ್ಣಿಗೆ ಬೀಳದ ಕಡೆ ಒಂದೆರಡು ಹನಿ ಹಾಕಿ ಒರೆಸಿ ನೋಡಿದೆ. ಬಟ್ಟೆಗೆ ಬಣ್ಣ ಬರಲಿಲ್ಲ. ಆಮೇಲೆ ಹತ್ತಿ ಬಟ್ಟೆಯ ಚೂರು ನೆನೆಸಿ ಅಂಟಿನ ಮೇಲೆ ಅರ್ಧ ನಿಮಿಷ ಸುಮ್ನೆ ಇಟ್ಟೆ. ಬಟ್ಟೆ ಎತ್ತಿ ಹೆಬ್ಬೆರಳಿನಿಂದ ತಳ್ಳಿದರೆ ಅಂಟು ಕಪ್ಪು ಎಳೆಯಂತೆ ಸುರುಳಿ ಸುತ್ತಿಕೊಂಡು ಬಂತು, ಅದರಡಿಯ ಪಾಲಿಶ್ ಹಾಗೇ ಹೊಳೆಯುತ್ತಿತ್ತು. ಆ ಖುಷಿ ಇನ್ನೂ ನೆನಪಿದೆ. ಮೇಣ ತೆಗೆಯುವಾಗ ಬಟ್ಟೆಯನ್ನು ಮಗುಚುತ್ತಲೇ ಇರಬೇಕು, ಕೊಳೆಯಾದ ಮಗ್ಗುಲಿನಲ್ಲೇ ಒರೆಸಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಅಷ್ಟೇ. ಒಂದೆರಡು ನಿಮಿಷದಲ್ಲಿ ಎಲ್ಲ ಆರಿತು. ಸೀಮೆಎಣ್ಣೆಯಾಗಿದ್ದರೆ ಮೇಲೆ ಜಿಡ್ಡಿನ ಪದರ ಉಳಿಯುತ್ತಿತ್ತು.

ಪಾಲಿಶ್ ಸವೆದ ಮೂಲೆಯಲ್ಲಿ ಇನ್ನೊಂದು ಉಪಯೋಗ ಸಿಕ್ಕಿತು. ಬರಿ ಮರಕ್ಕೆ ನಾಫ್ತಾ ಸವರಿದರೆ ಉಜ್ಜುಕಾಗದ ಬಿಟ್ಟ ಗೀರುಗಳು ಒದ್ದೆಯಲ್ಲಿ ಎದ್ದು ಕಾಣುತ್ತವೆ, ಪಾಲಿಶ್ ಬಿದ್ದ ಮೇಲೆ ಬಣ್ಣ ಹೇಗಿರುತ್ತದೆ ಅಂತಲೂ ಗೊತ್ತಾಗುತ್ತದೆ. ನೀರು ಸವರಿದರೆ ಮರದ ನಾರು ಎದ್ದು ಒರಟಾಗುತ್ತದೆ, ಇದರಲ್ಲಿ ಆ ತೊಂದರೆ ಇಲ್ಲ.

ಬೆಂಕಿಯ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ದೂರದ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಿದರೂ ಹೊತ್ತಿಕೊಳ್ಳಬಹುದು. ನಾನು ಹೊರಗೆ ಬಯಲಲ್ಲೇ ಮಾಡುತ್ತೇನೆ, ನೈಟ್ರೈಲ್ ಕೈಗವಸು ಹಾಕಿಕೊಂಡು, ಚಿಕ್ಕ ಬಟ್ಟಲಿಗೆ ಬೇಕಾದಷ್ಟೇ ಸುರಿದು, ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ಬಟ್ಟೆಗಳನ್ನು ಮುದ್ದೆ ಮಾಡದೆ ಹೊರಗೇ ಹರಡಿ ಒಣಗಿಸುತ್ತೇನೆ. ಮಿಕ್ಕಿದ್ದನ್ನು ಚರಂಡಿಗೆ ಚೆಲ್ಲುವುದಿಲ್ಲ.

ಮುಚ್ಚಳದಲ್ಲಿ ಸ್ಟಿಕರ್ ಇದ್ದಷ್ಟು ಜಾಗ ಈಗಲೂ ಬೇರೆ ಬಣ್ಣ ಕಾಣುತ್ತದೆ. ಸುತ್ತಲಿನ ಮರಕ್ಕೆ ಬೆಳಕು ತಾಗಿ ಬಣ್ಣ ಬದಲಾಗಿದೆ, ಅಲ್ಲಿ ಆಗಿಲ್ಲ. ಅದನ್ನು ನಾಫ್ತಾ ತೆಗೆಯಲಾರದು, ಹಾಗೇ ಬಿಟ್ಟಿದ್ದೇನೆ.