ಹಾರ್ಮೋನ್ ಸೂಜಿ: ಮನೆಯಲ್ಲಿ ನಿಗಾ ಇಡುವುದು ಹೇಗೆ?

ಟೆಸ್ಟ್‌ಟ್ಯೂಬ್ ಬೇಬಿ ಚಿಕಿತ್ಸೆಗೆ, ಅಂದರೆ ಐವಿಎಫ್‌ಗೆಂದು ಇಂಡಿ, ಸಿಂದಗಿ ಕಡೆಯಿಂದ ವಿಜಯಪುರಕ್ಕೋ ಬೆಳಗಾವಿಗೋ ಓಡಾಡುವವರು ಸೂಜಿಯ ಎಂಟು-ಹನ್ನೆರಡು ದಿನ ಕಣ್ಣಲ್ಲಿ ಕಣ್ಣಿಟ್ಟಿರುತ್ತಾರೆ. ಅಂಡಾಣು ತೆಗೆಸಿಕೊಂಡು ಊರು ಸೇರಿದ ಕೂಡಲೇ ನಿಗಾ ಬಿಡುತ್ತಾರೆ. ಅಪಾಯ ಶುರುವಾಗುವುದೇ ಆಗ.

ಮೊದಲು ಔಷಧ ಇಡುವ ಜಾಗ. ಫ್ರಿಜ್‌ನಲ್ಲಿಡಿ ಎಂದು ಬರೆದಿದ್ದರೆ 2ರಿಂದ 8 ಡಿಗ್ರಿ. ಫ್ರೀಜರ್ ಬೇಡವೇ ಬೇಡ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಬೇಸಿಗೆಯ ಬಸ್ಸಿನಲ್ಲಿ ಐಸ್ ಪ್ಯಾಕ್ ಜೊತೆ ತನ್ನಿ, ಆದರೆ ಬಾಟಲಿಗೆ ಐಸ್ ನೇರವಾಗಿ ತಾಗದಂತೆ ನಡುವೆ ಬಟ್ಟೆ ಸುತ್ತಿ.

ಆಮೇಲೆ ಡೋಸು. ಹೆಚ್ಚು ಜನ ಎಡವುವುದು ಇನ್ಸುಲಿನ್ ಸಿರಿಂಜಿನಲ್ಲಿ. ಅದರ ಮೇಲಿನ ಗೆರೆಗಳು ಇನ್ಸುಲಿನ್ ಯೂನಿಟ್ಟು, ನಿಮ್ಮ ಔಷಧದ ಯೂನಿಟ್ಟಲ್ಲ. 75 ಯೂನಿಟ್ಟಿನ ಪುಡಿಯನ್ನು ಅದರ ಜೊತೆ ಬರುವ 1 ಮಿ.ಲೀ. ನೀರಲ್ಲಿ ಕರಗಿಸಿದರೆ ಆ ಒಂದು ಮಿ.ಲೀ. ಪೂರ್ತಿ ಸೇರಿ 75 ಯೂನಿಟ್ಟು. ಎಷ್ಟು ಮಿ.ಲೀ. ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಕರಗಿಸುವಾಗ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಕುಲುಕಬೇಡಿ.

ಹೊಟ್ಟೆಯ ಚರ್ಮದಡಿಯ ಸೂಜಿಯಾದರೆ ಹೊಕ್ಕುಳಿನಿಂದ ಎರಡು ಇಂಚು ದೂರ, ಒಂದು ದಿನ ಎಡ, ಮರುದಿನ ಬಲ. ಸ್ಪಿರಿಟ್ ಆರಿದ ಮೇಲೆ ಚುಚ್ಚಿ, ತೆಗೆದ ಮೇಲೆ ತಿಕ್ಕಬೇಡಿ.

ತಲೆನೋವು, ಸ್ತನಗಳಲ್ಲಿ ಭಾರ, ಸಿಡುಕು, ಸುಸ್ತು, ತುಸು ಹೊಟ್ಟೆಯುಬ್ಬರ, ಚುಚ್ಚಿದಲ್ಲಿ ಕೆಂಪು: ಇವೆಲ್ಲ ಬರುವಂಥವೇ. ಗರ್ಭಕ್ಕೆ ಆಸರೆಯಾಗಲು ಕೊಡುವ, ಎಣ್ಣೆಯಲ್ಲಿ ಬರುವ ಪ್ರೊಜೆಸ್ಟರಾನ್ ಸೂಜಿಗೆ ಕುಂಡಿಯಲ್ಲಿ ಗಂಟು ಕಟ್ಟುತ್ತದೆ, ಬಿಸಿನೀರಿನ ಚೀಲದ ಕಾವು ಸಾಕು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಅಂಗಡಿಯವರು ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ನೀರು ತುಂಬುವ ತೊಂದರೆ ಜೊತೆಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು.

ಈಗ ಆ ನೀರಿನ ಮಾತು. ಅಂಡಾಣು ಮಾಗಲು ಕೊಡುವ ಕೊನೆಯ ಸೂಜಿಗೆ ಟ್ರಿಗರ್ ಎನ್ನುತ್ತಾರೆ. ಅದು ಎಚ್‌ಸಿಜಿ ಎಂಬ ಹಾರ್ಮೋನು ಆಗಿದ್ದು, ಅಂಡಾಶಯದಲ್ಲಿ ಕೋಶಕಗಳು (ಅಂಡಾಣು ಬೆಳೆಯುವ ಚೀಲಗಳು) ಬಹಳ ಬೆಳೆದಿದ್ದರೆ ರಕ್ತನಾಳಗಳು ಸೋರಬಹುದು. ನೀರು ಹೊಟ್ಟೆಯೊಳಗೆ ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ. ಇದೇ ಒಎಚ್‌ಎಸ್‌ಎಸ್, ಅಂದರೆ ಸೂಜಿಗೆ ಅಂಡಾಶಯ ಅತಿಯಾಗಿ ಕೆರಳುವ ತೊಂದರೆ. ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು) ಇದ್ದವರಿಗೆ, ಸಣ್ಣ ವಯಸ್ಸಿನವರಿಗೆ ಹೆಚ್ಚು. ಟ್ರಿಗರ್ ಆದ 3ರಿಂದ 7ನೇ ದಿನದೊಳಗೆ ಒಮ್ಮೆ ಬರಬಹುದು. ಭ್ರೂಣ ಇರಿಸಿ ಗರ್ಭ ನಿಂತರೆ ದೇಹವೇ ಎಚ್‌ಸಿಜಿ ಮಾಡುವುದರಿಂದ 10ನೇ ದಿನದ ಆಚೆ ಇನ್ನೊಮ್ಮೆ. ಭ್ರೂಣಗಳನ್ನೆಲ್ಲ ಫ್ರೀಜ್ ಮಾಡಿ ಮುಂದಿನ ತಿಂಗಳು ನೋಡೋಣ ಎಂದು ವೈದ್ಯರು ಹೇಳಿದರೆ ಮುನಿಸಿಕೊಳ್ಳಬೇಡಿ, ಈ ಎರಡನೆಯದನ್ನು ತಪ್ಪಿಸಲಿಕ್ಕೇ ಅದು.

ಇದನ್ನು ಅಂದಾಜಿನಲ್ಲಿ ಹಿಡಿಯಲಾಗದು, ಅಳೆಯಬೇಕು. ಟ್ರಿಗರ್ ದಿನದಿಂದಲೇ ಒಂದು ನೋಟುಬುಕ್ಕು ಇಡಿ. ಬೆಳಿಗ್ಗೆ ಮೂತ್ರ ಮಾಡಿ ಬಂದು, ಚಹಾಕ್ಕೂ ಮುಂಚೆ, ಒಂದೇ ತೂಕದ ಯಂತ್ರದಲ್ಲಿ, ಒಂದೇ ನೈಟಿಯಲ್ಲಿ ತೂಕ ಬರೆಯಿರಿ. ದರ್ಜಿಯ ಟೇಪನ್ನು ಹೊಕ್ಕುಳಿನ ಮಟ್ಟಕ್ಕೆ ಸುತ್ತಿ ಅಳತೆ ಬರೆಯಿರಿ. ಅಳತೆಯ ಮಗ್ಗು ಬಚ್ಚಲಲ್ಲಿಟ್ಟು ದಿನದ ಮೂತ್ರ ಕೂಡಿಸಿ. ಒಂದೇ ದಿನಕ್ಕೆ ಒಂದು ಕೆಜಿ ಏರಿದರೆ, ಟೇಪು ದಿನದಿನಕ್ಕೆ ಹೆಚ್ಚಿದರೆ, ಮೂತ್ರ ಲೀಟರಿಗಿಂತ ಕಡಿಮೆಯಾದರೆ ಆ ದಿನವೇ ಫೋನು ಮಾಡಿ. ‘ಗ್ಯಾಸ್ ಆಗೇತಿ’ ಎಂದು ಅಜವಾನದ ನೀರು ಕುಡಿಸಿ ಮಲಗಿಸುವುದು ಇಲ್ಲಿ ನಡೆಯದು. ಮೂತ್ರ ಹೆಚ್ಚಿಸುವ ಮಾತ್ರೆ ಇನ್ನೂ ಕೆಟ್ಟದ್ದು, ಗಟ್ಟಿಯಾದ ರಕ್ತ ಮತ್ತಷ್ಟು ಗಟ್ಟಿಯಾಗುತ್ತದೆ. ಬಾಯಾರಿದಷ್ಟು ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಹಾಸಿಗೆ ಹಿಡಿಯಬೇಡಿ, ಮನೆಯೊಳಗೆ ಅಡ್ಡಾಡಿ. ತುಂಬಿದ ಕೊಡ ಎತ್ತುವುದು, ತಗ್ಗು-ದಿಣ್ಣೆ ದಾರಿಯಲ್ಲಿ ಬೈಕು ಬೇಡ, ಊದಿದ ಅಂಡಾಶಯ ಹೊರಳಿಕೊಳ್ಳಬಹುದು.

ಹಾಗೆಯೇ, ಎಚ್‌ಸಿಜಿ ತೆಗೆದುಕೊಂಡ ಹತ್ತು-ಹದಿನಾಲ್ಕು ದಿನದೊಳಗೆ ಕಿಟ್ ತಂದು ಗರ್ಭಪರೀಕ್ಷೆ ಮಾಡಬೇಡಿ. ಎರಡು ಗೆರೆ ಕಂಡರೂ ಅದು ಸೂಜಿಯದ್ದೇ ಇರಬಹುದು.

ಉಸಿರು ಕಟ್ಟುವುದು, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ನಿಲ್ಲದ ವಾಂತಿ, ಹೊಟ್ಟೆಯ ಒಂದು ಪಕ್ಕಕ್ಕೆ ಥಟ್ಟನೆ ಚುಚ್ಚುನೋವು: ಇವಕ್ಕೆ ಬೆಳಗಿನವರೆಗೆ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಚಿಕಿತ್ಸೆಯನ್ನು ಓಣಿಯವರಿಂದ ಮುಚ್ಚಿಟ್ಟಂತೆ ರಾತ್ರಿಪಾಳಿಯ ವೈದ್ಯರಿಂದಲೂ ಮುಚ್ಚಿಟ್ಟರೆ ಅವರು ಆಸಿಡಿಟಿಗೆ ಸೂಜಿ ಕೊಟ್ಟು ಕಳಿಸುತ್ತಾರೆ. ಫೈಲು ಕೈಯಲ್ಲಿರಲಿ, ಟ್ರಿಗರ್ ಯಾವುದು, ಯಾವ ದಿನ, ಎಷ್ಟು ಅಂಡಾಣು ತೆಗೆದರು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.