ಬ್ಯಾಗಿನಲ್ಲಿ ಹುಳಿಗೆ ಜಾಗ ಇಡಿ

ರಜೆಗೆ ಬಂದು ಸಿರ್ಸಿಯ ಮನೆಯಲ್ಲಿ ಕೂತಿದ್ದೇನೆ. ಹೊರಗೆ ಆಷಾಢದ ಮಳೆ, ಒಳಗೆ ಆಯಿ ಹಲಸಿನ ಹಪ್ಪಳ ಸುಡುತ್ತಿದ್ದಾಳೆ. ಪಕ್ಕದ ಮನೆ ಹುಡುಗ ಸೆಪ್ಟೆಂಬರಿನಲ್ಲಿ ಓದೋಕೆ ಇಂಗ್ಲೆಂಡಿಗೆ ಹೊರಟಿದ್ದಾನೆ. ಅವನಮ್ಮ ನಿನ್ನೆ ಪಟ್ಟಿ ಹಿಡಿದು ಬಂದರು: ಕುಕ್ಕರ್, ಐದು ಕಿಲೋ ಸಾಂಬಾರ್ ಪುಡಿ, ತುಪ್ಪ, ಕೊಬ್ಬರಿ. ನಾನು ಲೀಡ್ಸ್‌ನಲ್ಲಿ ಹನ್ನೊಂದು ಚಳಿಗಾಲ ಕಂಡವನು. ಅರ್ಧ ಪಟ್ಟಿ ಅಲ್ಲೇ ಹೊಡೆದು ಹಾಕಿದೆ. ಈ ವರ್ಷ ಹೊರಡುವ ಉಳಿದವರಿಗೂ ಅದೇ ಮಾತು.

ತುಪ್ಪ ಬೇಡ. ಇಲ್ಲಿಂದ ಹಾಲಿನ ಪದಾರ್ಥ ಒಯ್ದರೆ ಬ್ರಿಟನ್ನಿನಲ್ಲಿ ಒಳಗೆ ಬಿಡುವುದಿಲ್ಲ. ಅಲ್ಲೇ ಉಪ್ಪಿಲ್ಲದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಸಿ. ಕೊಬ್ಬರಿ ಗಿಟುಕು ನಮ್ಮ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತದೆ; ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವ ಸಾಮಾನು ಏನೇ ಇದ್ದರೂ ಮೊದಲೇ ಹೇಳಿಬಿಡಿ, ಮುಚ್ಚಿಟ್ಟರೆ ದಂಡ.

ಹಾಗಾದರೆ ಏನು ಒಯ್ಯಬೇಕು? ಒಣಗಿಸಿದ ಮುರುಗಲ (ಕೋಕಂ) ಸಿಪ್ಪೆ, ಇಂಗು (ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಇಲ್ಲಾಂದ್ರೆ ಅಂಗಿಗೆಲ್ಲ ಅದೇ ವಾಸನೆ), ಒಂದು ಕಟ್ಟು ಹಪ್ಪಳ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ. ಬೇಳೆ, ಅಕ್ಕಿ, ಜೀರಿಗೆ ಎಲ್ಲ ಅಲ್ಲೂ ಸಿಗುತ್ತದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ ನಾಲಿಗೆ ಕೇಳುವುದು ಬಿಸಿಬೇಳೆಭಾತನ್ನಲ್ಲ. ಅನ್ನಕ್ಕೆ ಸುರಿದುಕೊಳ್ಳಲು ತೆಳ್ಳಗೆ, ಹುಳಿಯಾಗಿ ಏನಾದರೂ ಬೇಕು, ಅಷ್ಟೇ.

ಮೊದಲು ತಂಬುಳಿ ಕಲಿಯಿರಿ. ಒಂದು ಚಮಚ ತುಪ್ಪದಲ್ಲಿ ಕಾಲು ಚಮಚ ಮೆಂತೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ಮೆಂತೆ ಕೆಂಪಾದ ಕೂಡಲೇ ಇಳಿಸಿ, ಕಪ್ಪಾದರೆ ಕಹಿ. ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಹುಳಿ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಮುಗಿಯಿತು.

ಇಷ್ಟು ಸುಲಭದ್ದನ್ನೂ ನಾನು ಕೆಡಿಸಿದ್ದೇನೆ. ಅಲ್ಲಿ ತುರಿದ ಕಾಯಿ ಫ್ರೀಜರಿನ ಪೊಟ್ಟಣದಲ್ಲಿ ಸಿಗುತ್ತದೆ. ಮೊದಲ ಸಲ ಅದನ್ನು ಕಲ್ಲಿನ ಹಾಗಿದ್ದಾಗಲೇ ಮಿಕ್ಸಿಗೆ ಹಾಕಿ ತಣ್ಣೀರು ಸುರಿದೆ. ತಂಬುಳಿಯ ಮೇಲೆಲ್ಲ ಮೇಣದಂಥ ಬಿಳಿ ಚೂರು ತೇಲಿದವು, ಅಂಗುಳಕ್ಕೆಲ್ಲ ಅಂಟಿಕೊಂಡವು. ಕಾಯಿಯ ಎಣ್ಣೆ 24 ಡಿಗ್ರಿ ಸುಮಾರಿಗೇ ಗಟ್ಟಿಯಾಗುತ್ತದೆ, ಅಲ್ಲಿನ ಅಡುಗೆಮನೆ ಅದಕ್ಕಿಂತ ತಣ್ಣಗೆ. ಪೂರ್ತಿ ಕರಗಿಸಿ, ಬೆಚ್ಚಗಿನ ನೀರಿನಲ್ಲಿ ರುಬ್ಬಬೇಕು. ಚೂರು ಕರಗಲಿ ಅಂತ ಒಲೆ ಮೇಲೆ ಇಟ್ಟೆ, ಮಜ್ಜಿಗೆಯೇ ಒಡೆದು ಹೋಯಿತು. ಫೋನಿನಲ್ಲಿ ಆಯಿ ನಕ್ಕಿದ್ದು ಇನ್ನೂ ನೆನಪಿದೆ: "ಯಾರಾರೂ ತಂಬ್ಳಿ ಕಾಸ್ತ್ವನ ತಮಾ?"

ಗ್ರೀಕ್ ಯೋಗರ್ಟ್ ತರಬೇಡಿ. ಅದು ನೀರು ಬಸಿದ ಮೊಸರು, ಬರೀ ಗಟ್ಟಿ. ಸಾದಾ ಮೊಸರು ತಂದು ಒಂದು ರಾತ್ರಿ ಹೀಟರ್ ಹತ್ತಿರ ಇಡಿ, ಊರಿನ ಹುಳಿ ಬರುತ್ತದೆ. ಸೊಪ್ಪಿನ ತಂಬುಳಿ ಬೇಕೆನಿಸಿ ಒಂದೆಲಗ ಸಿಗದಿದ್ದರೆ ಪಾಲಕ್ ಬಾಡಿಸಿ ರುಬ್ಬಿ. ಒಂದೆಲಗದ ರುಚಿ ಬರೋದಿಲ್ಲ, ಆದರೂ ನಡೆಯುತ್ತದೆ.

ಅಪ್ಪೆಹುಳಿ ಅಂದರೆ ಮಾವಿನಕಾಯಿಯ ತೆಳ್ಳನೆ ಸಾರು. ಅದಕ್ಕೆ ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವು, ಎಲ್ಲಿಂದ ತರೋದು? ಇಂಗ್ಲೆಂಡಿನಲ್ಲಿ ಬ್ರಾಮ್ಲಿ ಅನ್ನುವ ಅಡುಗೆ ಸೇಬು ಸಿಗುತ್ತದೆ, ಹಸಿಯಾಗಿ ತಿಂದರೆ ಹಲ್ಲು ಚಳಿತು ಹೋಗುವಷ್ಟು ಹುಳಿ. ಬೇಯಿಸಿದರೆ ತಾನೇ ಕರಗುತ್ತದೆ. ಜಾಸ್ತಿ ನೀರು, ಉಪ್ಪು, ಚೂರು ಬೆಲ್ಲ, ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಸೊನೆಯ ಪರಿಮಳ ಇರೋದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕುಡಿದು ಮಲಗಿದರೆ ನಿದ್ದೆ ಅದೇ!

ದಾಳಿತೋವೆ ಕಲಿಸಿದ್ದು ನನ್ನ ರೂಮಿನಲ್ಲಿದ್ದ ಕುಮಟೆಯ ಕೊಂಕಣಿ ಹುಡುಗ. ತೊಗರಿಬೇಳೆ ನುಣ್ಣಗೆ ಬೇಯಿಸಿ, ಹಸಿಮೆಣಸು ಸೀಳಿ ಹಾಕಿ, ಇಂಗು, ಒಗ್ಗರಣೆ. ಪುಡಿ ಗಿಡಿ ಏನೂ ಇಲ್ಲ. ಅವನ ಕಾರವಾರದ ಗೆಳತಿ ಬಾಂಗಡೆ ಸಾರಿಗೆ ತಿರ್ಫಳ (ಕರಾವಳಿಯಲ್ಲಿ ಮೀನಿಗೆ ಹಾಕುವ ಮಸಾಲೆ ಕಾಯಿ) ಸಿಗದೆ ಒದ್ದಾಡುತ್ತಿದ್ದಳು. ಆಮೇಲೆ ಚೀನೀ ಅಂಗಡಿಯ ಸಿಚುವಾನ್ ಪೆಪ್ಪರ್ ಹಿಡಿದಳು. ಎರಡೂ ಒಂದೇ ಜಾತಿಯ ಗಿಡದವು, ನಾಲಿಗೆ ಜುಮ್ಮೆನ್ನುವುದೂ ಅದೇ ಥರ. ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ ಹಾಕಬೇಕಂತೆ. ನಾನು ಮೀನು ತಿನ್ನೋದಿಲ್ಲ, ತಿಂದವರು ತಟ್ಟೆ ನೆಕ್ಕಿದ್ದು ನೋಡಿದ್ದೇನೆ.

ಹಪ್ಪಳಕ್ಕೆ ಕೆಂಡ ಬೇಡ, ಮೈಕ್ರೋವೇವಿನಲ್ಲಿ ಒಂದು ನಿಮಿಷದೊಳಗೆ ಅರಳುತ್ತದೆ. ಕಣ್ಣು ಮಾತ್ರ ಅಲ್ಲೇ ಇರಲಿ.

ಪಕ್ಕದ ಮನೆಯವರು ತುಪ್ಪ, ಕೊಬ್ಬರಿ ಬಿಡಲು ಒಪ್ಪಿದ್ದಾರೆ. ಸಾಂಬಾರ್ ಪುಡಿ ಐದು ಕಿಲೋದಿಂದ ಮೂರಕ್ಕೆ ಇಳಿದಿದೆ. ಸಂಜೆ ಮತ್ತೆ ಬರುತ್ತಾರಂತೆ.